ಮಾಗಡಿಯಲ್ಲಿ ಇಳಿದ ಬೆಳಗು

ಗದಗಿನಿಂದ ಲಕ್ಷ್ಮೇಶ್ವರಕ್ಕೆ ನಾನು 19 ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ. ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸವಾಗಿತ್ತು. ಮನೆ ಗದಗಿನಲ್ಲಿ, ಅತ್ತೆ ಮಾವ ಗದಗಿನಲ್ಲಿ, ಮಕ್ಕಳ ಶಾಲೆಯೂ ಗದಗಿನಲ್ಲಿ. ಹೀಗಾಗಿ ಬೆಳಿಗ್ಗೆ ಡಬ್ಬಿಗೆ ರೊಟ್ಟಿ, ಪಲ್ಯ ತುಂಬಿಕೊಂಡು ಬಸ್ ಹತ್ತುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಈ ದಾರಿಯಲ್ಲಿ ಗದಗಿನಿಂದ 26 ಕಿಲೋಮೀಟರ್ ಸಾಗಿದ ಮೇಲೆ ಮಾಗಡಿ ಎಂಬ ಊರು ಬರುತ್ತದೆ. ಬೆಂಗಳೂರಿನ ಕಡೆಯವರಿಗೆ ಮಾಗಡಿ ಎಂದರೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ನಮ್ಮದು ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಶಿರಹಟ್ಟಿಯಿಂದ 8 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11. ಊರಿಗೆ ಹತ್ತಿಕೊಂಡೇ ಕೆರೆ, ಕೆರೆಗೆ ಹತ್ತಿಕೊಂಡೇ ರಸ್ತೆ.

ಆ ಕೆರೆ ನನಗೆ ಗಡಿಯಾರವಾಗಿತ್ತು. ಕಿಟಕಿಯಲ್ಲಿ ನೀರು ಕಂಡಿತೆಂದರೆ ಲಕ್ಷ್ಮೇಶ್ವರಕ್ಕೆ ಇನ್ನು ಕಾಲು ಗಂಟೆ ಎಂದು ಲೆಕ್ಕ. ಓದುತ್ತಿದ್ದ ಉತ್ತರ ಪತ್ರಿಕೆಗಳನ್ನು ಮಡಚಿ ಚೀಲಕ್ಕೆ ಸೇರಿಸುವುದು, ಸೆರಗು ಸರಿಪಡಿಸಿಕೊಳ್ಳುವುದು, ಪಕ್ಕದಲ್ಲಿ ತೂಕಡಿಸುತ್ತಿರುವ ಸಹೋದ್ಯೋಗಿಯನ್ನು ಎಬ್ಬಿಸುವುದು, ಇಷ್ಟನ್ನು ಮಾಡುವಷ್ಟರಲ್ಲಿ ನೀರು ಮುಗಿದು ಹೊಲಗಳು ಶುರುವಾಗಿರುತ್ತಿದ್ದವು. ಒಂದು ನಿಮಿಷವೂ ಇಲ್ಲದ ಆ ನೋಟವನ್ನು ವರ್ಷಕ್ಕೆ ನಾನೂರು ಸಲಕ್ಕೂ ಹೆಚ್ಚು ಕಂಡಿದ್ದೇನೆ. ಆದರೂ ಕೆರೆಯ ಆಚೆಯ ದಂಡೆ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಕಂಡದ್ದು ಇಷ್ಟು. ಮುಂಗಾರಿನ ಹೊತ್ತಿಗೆ ನೀರು ಕೆಂಪಾಗಿ ಹರಡಿರುತ್ತಿತ್ತು. ದೀಪಾವಳಿಯ ಆಸುಪಾಸಿಗೆ ತಿಳಿಯಾಗುತ್ತಿತ್ತು. ಬೇಸಿಗೆಯಲ್ಲಿ ದಂಡೆಗಳು ಒಳಕ್ಕೆ ಸರಿದು, ಬಿರಿದ ಕೆಸರಿನ ನಡುವೆ ಎಮ್ಮೆಗಳು ಮಲಗಿರುತ್ತಿದ್ದವು. ಬರ ಬಿದ್ದ ಒಂದು ವರ್ಷ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದುದನ್ನೂ ಕಂಡೆ. ಚಳಿಗಾಲದಲ್ಲಿ ಮಾತ್ರ ದೂರದ ದಂಡೆಯ ಉದ್ದಕ್ಕೂ ಬೂದು ಬಣ್ಣದ ಸಾಲೊಂದು ಕಾಣುತ್ತಿತ್ತು. ಒಡ್ಡಿಗೆ ಹಾಕಿದ ಕಲ್ಲುಗಳು ನೀರು ಇಳಿದಾಗ ಮೇಲೆ ಕಾಣುತ್ತವೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಕಲ್ಲುಗಳು ನವೆಂಬರಿನಲ್ಲಿ ಬಂದು ಮಾರ್ಚಿನಲ್ಲಿ ಹೋಗುವುದು ಹೇಗೆ ಎಂಬ ಪ್ರಶ್ನೆ, ದಿನವೂ ಮಕ್ಕಳಿಗೆ ಗಮನಿಸಿ ನೋಡಿ ಎಂದು ಹೇಳುತ್ತಿದ್ದ ನನಗೆ ಹೊಳೆಯಲಿಲ್ಲ.

ಅವು ಕಲ್ಲುಗಳಲ್ಲ ಎಂದು ಹೇಳಿದವರು ತಪ್ಪಲ ಮಾರುವ ಒಬ್ಬ ಹೆಣ್ಣುಮಗಳು. ವಾರದಲ್ಲಿ ಎರಡು ಮೂರು ದಿನ ಅವರು ಮಾಗಡಿಯಲ್ಲಿ ಬಸ್ ಹತ್ತುತ್ತಿದ್ದರು. ತಲೆಯ ಮೇಲಿನ ಬುಟ್ಟಿಯಲ್ಲಿ ಮೆಂತೆ, ಪುಂಡಿ, ಹಕ್ಕರಕಿ, ಮೇಲೆ ಒದ್ದೆ ಗೋಣಿತಟ್ಟು. ಬುಟ್ಟಿಯನ್ನು ನನ್ನ ಕಾಲ ಬಳಿ ಇಟ್ಟು, "ಒಂದೀಟ ಸರೀರಿ ಅಕ್ಕೋರ" ಎಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಊರಿಗೆ ಅಕ್ಕೋರೇ. ನಾನು ಅವರನ್ನು ಅವ್ವ ಎನ್ನುತ್ತಿದ್ದೆ. ನನಗಿಂತ ಹತ್ತು ಹದಿನೈದು ವರ್ಷ ಹಿರಿಯರು. ಒಂದು ನವೆಂಬರಿನಲ್ಲಿ ಬಸ್ ಕೆರೆ ದಾಟುವಾಗ ಅವರು ಕಿಟಕಿಯಾಚೆ ಕೈಮಾಡಿ, "ಬಂದಾವ ನೋಡ್ರಿ, ನಮ್ಮೂರ ಬೀಗರು" ಎಂದರು. ಯಾರು ಎಂದು ಕೇಳಿದೆ. "ಹಕ್ಕಿರೀ. ಅಗಾ ಅಲ್ಲಿ, ಸಾಲಾಗಿ ಕುಂತಾವಲ್ಲ. ದೂರದ ದೇಶದಿಂದ ಬರ್ತಾವಂತ. ಒಂದಿನ ಇಳೀರಿ, ಸನೇದಿಂದ ತೋರಸ್ತೇನಿ" ಎಂದರು. ಬರುವ ಭಾನುವಾರ ಬರುತ್ತೇನೆ ಎಂದೆ. ಆ ಭಾನುವಾರ ಬಟ್ಟೆ ಒಗೆಯುವುದಿತ್ತು. ಮುಂದಿನದಕ್ಕೆ ಮದುವೆಯೊಂದಿತ್ತು. ಹೀಗೆ ಎಷ್ಟು ನವೆಂಬರುಗಳು ಕಳೆದವೋ ಲೆಕ್ಕವಿಲ್ಲ. ಪ್ರತಿ ವರ್ಷ ಅವರು ಕರೆಯುವುದನ್ನು ಬಿಡಲಿಲ್ಲ, ನಾನು ಬರುತ್ತೇನೆ ಎನ್ನುವುದನ್ನು ಬಿಡಲಿಲ್ಲ.

ನಿವೃತ್ತಳಾದ ಮೇಲೆ ಆ ದಾರಿ ತಪ್ಪಿತು. ಹೀಗಿರುವಾಗ, 2024ರ ಜನವರಿ ಕೊನೆಯಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಜೌಗು ಪ್ರದೇಶಗಳನ್ನು, ಕೆರೆಗಳನ್ನು ಉಳಿಸಿಕೊಳ್ಳುವುದಕ್ಕಾಗಿ 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಭಾರತ 1982ರಲ್ಲಿ ಅದನ್ನು ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಮೊದಲು ಹೋದದ್ದು 2022ರಲ್ಲಿ ರಂಗನತಿಟ್ಟು. 2024ರಲ್ಲಿ ಒಮ್ಮೆಗೇ ಮೂರು ಸೇರಿದವು: ಉತ್ತರ ಕನ್ನಡದ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಮತ್ತು ನಮ್ಮ ಮಾಗಡಿ ಕೆರೆ. ಸುಮಾರು 50 ಹೆಕ್ಟೇರ್ ವಿಸ್ತಾರದ, ನೀರಾವರಿಗೆಂದು ಮನುಷ್ಯರು ಕಟ್ಟಿದ ಈ ಕೆರೆಯಲ್ಲಿ 166 ಜಾತಿಯ ಹಕ್ಕಿಗಳು ಕಂಡುಬಂದಿವೆ, ಅವುಗಳಲ್ಲಿ 130 ವಲಸೆ ಬರುವಂಥವು, ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಇಲ್ಲಿ ತಂಗುತ್ತವೆ, ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಬಹು ದೊಡ್ಡ ತಾಣಗಳಲ್ಲಿ ಇದೂ ಒಂದು ಎಂದೆಲ್ಲ ಓದಿದೆ.

ಓದುತ್ತ ಕುಳಿತಾಗ ಪುಣೆಯಲ್ಲಿರುವ ಮಗಳ ಫೋನ್ ಬಂತು. ಅವಳೂ ಸುದ್ದಿ ಓದಿದ್ದಳು. "ಅಮ್ಮಾ, ಇದು ನಿನ್ನ ಬಸ್ಸಿನ ದಾರಿಯಲ್ಲೇ ಇದೆಯಲ್ಲ, ಹೆಂಗದ ಅದು?" ಎಂದು ಕೇಳಿದಳು. ನಾನು ಪತ್ರಿಕೆಯಲ್ಲಿದ್ದುದನ್ನೇ ಅವಳಿಗೆ ಓದಿ ಹೇಳಿದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸಮಾಧಾನವಾಗಲಿಲ್ಲ. ಎಂಟನೆಯ ತರಗತಿಗೆ ವಲಸೆ ಹಕ್ಕಿಗಳ ಪಾಠ ಮಾಡುವಾಗ ನಾನು ಕರಿಹಲಗೆಯ ಮೇಲೆ ಹಿಮಾಲಯ ಬರೆದು ಬಾಣದ ಗುರುತು ಹಾಕುತ್ತಿದ್ದೆ. ಬಾಣದ ತುದಿಯನ್ನು ಭಾರತದ ನಡುವೆ ಎಲ್ಲೋ ನಿಲ್ಲಿಸುತ್ತಿದ್ದೆ. ಆ ತುದಿ ನಾವು ಕುಳಿತ ಕೋಣೆಯಿಂದ 11 ಕಿಲೋಮೀಟರ್ ದೂರದ ಕೆರೆಯಲ್ಲಿತ್ತು. ಒಂದು ಟ್ರ್ಯಾಕ್ಸ್ ಮಾಡಿಕೊಂಡು ಹೋಗಿದ್ದರೆ ಒಂದು ಬೆಳಗಿನಲ್ಲಿ ಮಕ್ಕಳಿಗೆ ಎಲ್ಲವನ್ನೂ ತೋರಿಸಬಹುದಿತ್ತು. ಅಷ್ಟು ಬ್ಯಾಚುಗಳ ಮಕ್ಕಳಿಗೆ ನಾನು ಅದನ್ನು ತೋರಿಸಲಿಲ್ಲ ಎಂಬ ನೋವು ಈಗಲೂ ಇದೆ.

ಆ ಚಳಿಗಾಲ ಕಳೆದೇ ಹೋಯಿತು. ಮುಂದಿನ ಜನವರಿಯಲ್ಲಿ ಒಂದು ಮಂಗಳವಾರ, ಇನ್ನೂ ಕತ್ತಲಿರುವಾಗಲೇ ಗದಗಿನಲ್ಲಿ ಬಸ್ ಹತ್ತಿದೆ. ಟಿಕೆಟ್ ಕೇಳಲು ಬಂದ ನಿರ್ವಾಹಕ ಹಳೆಯ ಪರಿಚಯದವರು. ಮಾಗಡಿ ಎಂದೆ. "ಲಕ್ಷ್ಮೇಶ್ವರ ಅಲ್ರೀ ಮೇಡಂ?" ಎಂದು ಮತ್ತೆ ಕೇಳಿದರು. ಅಲ್ಲ, ಮಾಗಡಿ ಎಂದೆ. ಅಷ್ಟು ವರ್ಷಗಳಲ್ಲಿ ಆ ಊರಿನ ಹೆಸರಿನ ಟಿಕೆಟ್ಟನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಇಳಿದಾಗ ಚಳಿಯಿತ್ತು. ಬಸ್ಸಿನ ಸದ್ದು ದೂರವಾದ ಮೇಲೆ ಕೆರೆಯ ಕಡೆಯಿಂದ ಸಣ್ಣ ಸಣ್ಣ ದನಿಗಳು ಕೇಳತೊಡಗಿದವು. ಬಸ್ಸಿನೊಳಗಿದ್ದಾಗ ಕೆರೆಗೆ ಸದ್ದೇ ಇರಲಿಲ್ಲ. ನೀರಿನ ಮೇಲೆ ಮಂಜು ತೆಳ್ಳಗೆ ಕುಳಿತಿತ್ತು. ಏರಿಯ ಮೇಲೆ ಹತ್ತಿ ನಿಂತು ಆ ಬೂದು ಸಾಲಿಗಾಗಿ ಹುಡುಕಿದೆ. ಸಾಲು ಇರಲಿಲ್ಲ.

ಉಳಿದ ಹಕ್ಕಿಗಳೆಲ್ಲ ಇದ್ದವು. ಹಣೆಗೆ ಬಿಳಿ ಮಚ್ಚೆ ಇಟ್ಟ ನಾಮದ ಕೋಳಿಗಳು ಜೊಂಡಿನ ಸಂದಿಯಲ್ಲಿ ತಲೆ ಆಡಿಸುತ್ತ ಈಜುತ್ತಿದ್ದವು. ಚಮಚದಂಥ ಅಗಲ ಕೊಕ್ಕಿನ ಚಲುಕ ಬಾತುಗಳು ನೀರಿನ ಮೇಲ್ಪದರವನ್ನು ಸೋಸುತ್ತ ಸುತ್ತುತ್ತಿದ್ದವು. ಮೆಟ್ಟುಗಾಲು ಹಕ್ಕಿಗಳು ಉದ್ದನೆಯ ಕೆಂಪು ಕಾಲುಗಳನ್ನು ಎತ್ತಿ ಎತ್ತಿ ಇಡುತ್ತ ಕೆಸರಿನಲ್ಲಿ ನಡೆಯುತ್ತಿದ್ದವು. ಬತ್ತಿದ ಜಾಲಿಯೊಂದರ ಮೇಲೆ ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತ ಕುಳಿತಿತ್ತು. ಅದಕ್ಕೆ ಹಾವಕ್ಕಿ ಎಂಬ ಹೆಸರು ಏಕೆ ಬಂತೆಂದು ತಿಳಿಯಬೇಕಾದರೆ ಅದು ಈಜುವಾಗ ನೋಡಬೇಕು. ಮೈಯೆಲ್ಲ ನೀರೊಳಗಿದ್ದು ಕತ್ತು ಮಾತ್ರ ಹೊರಗೆ ಬಳುಕುತ್ತಿರುತ್ತದೆ. ಇವೆಲ್ಲ ಸಾಲದೆಂದಲ್ಲ. ಆದರೆ ನಾನು ಬಂದಿದ್ದು ಬೀಗರನ್ನು ನೋಡಲು.

ರಸ್ತೆಬದಿಯ ಚಹಾದಂಗಡಿಯ ಹುಡುಗನನ್ನು ಕೇಳಿದೆ. ಅವನು ಒಲೆಯಿಂದ ಮುಖ ಎತ್ತದೆ, "ಈಗೆಲ್ಲಿ ಇರ್ತಾವ್ರೀ ಕೆರ್‍ಯಾಗ? ರಾತ್ರೀನ ಹೊಲಕ್ಕ ಹೋಗ್ಯಾವ. ಬಿಸಲಾದ ಮ್ಯಾಲ ಬರ್ತಾವ" ಎಂದ. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಸಂಜೆಯಾದ ಮೇಲೆ ಹೊಲಗಳಲ್ಲಿ ಮೇವು, ಬಿಸಿಲೇರುತ್ತಲೇ ಮತ್ತೆ ನೀರಿಗೆ. ನಾನು ಬಸ್ಸಿನಲ್ಲಿ ಬರುತ್ತಿದ್ದ ಹೊತ್ತಿಗೆ ಅವು ಮೇವು ಮುಗಿಸಿ ಬಂದು ಕುಳಿತಿರುತ್ತಿದ್ದವು. ತಪ್ಪಲ ಮಾರುತ್ತಿದ್ದ ಅವ್ವನ ಗುರುತು ಹೇಳಿ ವಿಚಾರಿಸಿದೆ. "ಆಕಿ ಈಗ ಸಂತಿಗೆ ಹೋಗಂಗಿಲ್ರೀ, ಮಗ ಹೋಗ್ತಾನ. ಹೊಲದಾಗ ಅದಾಳ ನೋಡ್ರಿ, ಕಡ್ಲಿ ಕಾಯಾಕತ್ತಾಳ" ಎಂದು ಕೆರೆಯ ಹಿಂಭಾಗದ ದಾರಿ ತೋರಿಸಿದ.

ಅದು ಎರೆ ಹೊಲ. ಹಿಂಗಾರಿಗೆ ಹಾಕಿದ ಕಡಲೆ ಮೊಣಕಾಲಿನ ಕೆಳಗಿನವರೆಗೆ ಬೆಳೆದು, ಬುಡದ ಕಡೆ ಕಾಯಿ ಕಟ್ಟಿತ್ತು. ಕಡಲೆಯ ಎಲೆಯ ಮೇಲೆ ಬೀಳುವ ಮಂಜಿಗೆ ಹುಳಿಯ ಗುಣವಿರುತ್ತದೆ. ಗಿಡದ ಮೈಮೇಲಿನ ಸಣ್ಣ ರೋಮಗಳು ಒಸರುವ ಆಮ್ಲ ಅದರಲ್ಲಿ ಬೆರೆತಿರುತ್ತದೆ. ನನ್ನ ಅಜ್ಜಿ ನಸುಕಿನಲ್ಲಿ ಬಿಳಿ ಪಂಚೆಯನ್ನು ಗಿಡಗಳ ಮೇಲೆ ಹಾಸಿ, ನೆನೆದ ಮೇಲೆ ಹಿಂಡಿ, ಆ ಕಡ್ಲಿ ಹುಳಿಯನ್ನು ಬಾಟಲಿಯಲ್ಲಿ ಇಡುತ್ತಿದ್ದರು. ಹೊಟ್ಟೆನೋವಿಗೆ ಮನೆಯಲ್ಲಿ ಅದೇ ಔಷಧ. ಸಾಲಿನ ನಡುವೆ ಹತ್ತು ಹೆಜ್ಜೆ ನಡೆಯುವುದರೊಳಗೆ ಸೀರೆಯ ಅಂಚು ತೊಯ್ದು ಪಾದಗಳಲ್ಲಿ ಸಣ್ಣ ಉರಿ ಶುರುವಾಯಿತು. ಮೂವತ್ತು ವರ್ಷಗಳಿಂದ ಮರೆತಿದ್ದ ಉರಿ ಅದು.

ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತವರು ತಿರುಗಿ ನೋಡಿದರು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. "ಯಾರು, ಲಕ್ಷ್ಮೇಶ್ವರದ ಅಕ್ಕೋರಾ? ಇವತ್ತ ಇಳದ್ರ್ಯಾ?" ಎಂದರು. ಇಳಿದೆ ಅವ್ವಾ, ತಡ ಆತು ಎಂದೆ. "ತಡ ಏನ್ ಬಂತ್ರಿ. ಕುಂದರ್ರಿ, ಹಂಗ ಬಗ್ಗಿ ಕುಂದರ್ರಿ, ಎದ್ದ ನಿಂತ್ರ ಹಾರ್ತಾವ" ಎಂದು ಕಂಬಳಿಯ ಅಂಚನ್ನು ನನಗಾಗಿ ಹಾಸಿದರು.

ಅವರು ತೋರಿಸಿದ ಕಡೆ ನೋಡಿದೆ. ಐವತ್ತು ಅರವತ್ತು ಹೆಜ್ಜೆ ದೂರದಲ್ಲಿ, ಕಡಲೆಯ ನಡುವೆ, ಇನ್ನೂರರಷ್ಟು ಹೆಬ್ಬಾತುಗಳು ಮೇಯುತ್ತಿದ್ದವು.

ನಾನು ಚಿತ್ರಗಳಲ್ಲಿ ನೋಡಿದ್ದೆ. ಆದರೆ ಆ ಬಣ್ಣ ಚಿತ್ರದಲ್ಲಿ ಇಳಿದಿರಲಿಲ್ಲ. ಮೈಯ ಬೂದು ಒಂದೇ ಬೂದಲ್ಲ. ಪ್ರತಿ ಗರಿಯ ಅಂಚಿಗೂ ತೆಳ್ಳನೆಯ ಬಿಳಿ ಗೆರೆಯಿದ್ದು, ಬೆನ್ನಿನ ಮೇಲೆ ಅಲೆಗಳ ಹಾಗೆ ಸಾಲಾಗಿ ಕಾಣುತ್ತದೆ. ತಲೆ ಬಿಳಿ. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿನವರೆಗೆ ತಲೆಯ ಹಿಂದಿನಿಂದ ಸುತ್ತಿ ಬರುವ ಒಂದು ಕಪ್ಪು ಪಟ್ಟೆ, ಅದರ ಕೆಳಗೆ ಕತ್ತಿನ ಮೇಲ್ಭಾಗದಲ್ಲಿ ಇನ್ನೊಂದು ಸಣ್ಣ ಪಟ್ಟೆ. ಕೊಕ್ಕು ಮಾಗಿದ ಮಾವಿನ ಬಣ್ಣದ್ದು, ತುದಿಯಲ್ಲಿ ಮಾತ್ರ ಕಾಡಿಗೆ ಇಟ್ಟಂತೆ ಕಪ್ಪು. ಅವು ಮೇಯುವ ಕ್ರಮವನ್ನು ನೋಡುತ್ತ ಕುಳಿತೆ. ಗಿಡವನ್ನು ಕೀಳುವುದಿಲ್ಲ. ಕತ್ತನ್ನು ಸ್ವಲ್ಪ ಓರೆ ಮಾಡಿ, ಎಳೆಯ ಕುಡಿಯನ್ನು ಕೊಕ್ಕಿನ ಅಂಚಿಗೆ ಸಿಕ್ಕಿಸಿ, ಚಿವುಟಿದಂತೆ ಕತ್ತರಿಸಿ, ಒಂದು ಹೆಜ್ಜೆ ಮುಂದೆ ಹೋಗುತ್ತವೆ. ನಮ್ಮ ಹೆಣ್ಣುಮಕ್ಕಳು ಕಡ್ಲಿ ಕುಡಿ ಚಿವುಟುವುದೂ ಹಾಗೆಯೇ. ಗುಂಪಿನ ಅಂಚಿನಲ್ಲಿ ಎರಡು ಮೂರು ಹಕ್ಕಿಗಳು ಮಾತ್ರ ಮೇಯದೆ, ಕತ್ತನ್ನು ನೆಟ್ಟಗೆ ಎತ್ತಿ ನಿಂತಿದ್ದವು. ನಾನು ಕುಳಿತಲ್ಲೇ ಸ್ವಲ್ಪ ಅಲುಗಾಡಿದರೂ ಅವುಗಳ ತಲೆ ಈ ಕಡೆ ತಿರುಗುತ್ತಿತ್ತು.

"ಅಕಾ, ಆ ಹಕ್ಕಿ ನೋಡ್ರಿ, ಪಟ್ಟಿ ಇಲ್ಲದ್ದು" ಎಂದು ಅವ್ವ ಪಿಸುಗುಟ್ಟಿದರು. ಎರಡು ದೊಡ್ಡ ಹಕ್ಕಿಗಳ ನಡುವೆ ಸ್ವಲ್ಪ ಮಾಸಿದ ಬಣ್ಣದ ಒಂದು ಹಕ್ಕಿ ಮೇಯುತ್ತಿತ್ತು. ಅದರ ತಲೆಯ ಹಿಂಭಾಗವೆಲ್ಲ ಒಂದೇ ಕಂದು. ಪಟ್ಟೆಗಳು ಇನ್ನೂ ಮೂಡಿರಲಿಲ್ಲ. ಅದು ಆ ವರ್ಷದ ಮರಿ. ಕಳೆದ ಬೇಸಿಗೆಯಲ್ಲಿ ಮಂಗೋಲಿಯಾದಲ್ಲೋ ಟಿಬೆಟ್ಟಿನಲ್ಲೋ ಒಂದು ಸರೋವರದ ದಂಡೆಯಲ್ಲಿ ಮೊಟ್ಟೆಯೊಡೆದು ಬಂದು, ರೆಕ್ಕೆ ಬಲಿಯುತ್ತಲೇ ತಂದೆ ತಾಯಿಯ ಬೆನ್ನು ಹಿಡಿದು ಹೊರಟದ್ದು. ಹೆಬ್ಬಾತಿನ ಮರಿಗಳು ಮೊದಲ ಚಳಿಗಾಲವನ್ನು ತಂದೆ ತಾಯಿಯ ಜೊತೆಯಲ್ಲೇ ಕಳೆಯುತ್ತವೆ, ದಾರಿಯನ್ನು ಅವುಗಳಿಂದಲೇ ಕಲಿಯುತ್ತವೆ. ಮಾಗಡಿಯ ದಾರಿ ಹೀಗೆ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಹೋಗುತ್ತಿದೆ. ಮರಿ ನಡುವೆ ಮೇಯುವುದನ್ನು ನಿಲ್ಲಿಸಿ ಸುತ್ತ ನೋಡುವುದು, ದೊಡ್ಡವು ಮುಂದೆ ಹೋದವೆಂದು ತಿಳಿದು ದಾಪುಗಾಲಿಡುತ್ತ ಅವುಗಳನ್ನು ಕೂಡಿಕೊಳ್ಳುವುದು, ಇದನ್ನು ನಾನು ಎಷ್ಟು ಹೊತ್ತು ನೋಡಿದೆನೋ ತಿಳಿಯದು.

ಆಮೇಲೆ ಹೊಲದ ನೆನಪಾಯಿತು. ಇಷ್ಟು ಹಕ್ಕಿಗಳು ತಿಂದರೆ ನಿಮಗೆ ನಷ್ಟವಾಗುವುದಿಲ್ಲವೇ ಎಂದು ಅವ್ವನನ್ನು ಕೇಳಿದೆ. ನಮ್ಮಲ್ಲಿ ಇಂಥ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ, ಅವೂ ದೇವರ ಜೀವ ಎಂಬುದು. ಅವ್ವ ಹಾಗೆ ಹೇಳಲಿಲ್ಲ. "ಲುಕ್ಸಾನ ಆಗ್ತದ್ರಿ, ಸುಳ್ಳ ಯಾಕ ಹೇಳ್ಲಿ. ಎಳೀ ಕುಡಿ ತಿಂದ್ರ ಮತ್ತ ಚಿಗೀತದ, ಅದಕ್ಕೇನಿಲ್ಲ. ಹೂವು ಕಾಯಿ ಹೊತ್ತಿಗೆ ತಿಂದ್ರ ಹೋತು. ಅದಕ್ಕ ಬಂದ ಕುಂದರ್ತೇನಿ. ಮೂಲಿಗೆ ಮೇಯ್ಲಿ ಅಂತ ಬಿಡ್ತೇನಿ, ನಡಕ ಬಂದ್ರ ಒಂದ್ ಕೂಗ ಹಾಕ್ತೇನಿ" ಎಂದರು. ಶೇಂಗಾ ಹರಗಿದ ಹೊಲಗಳಲ್ಲಿ ಮಣ್ಣೊಳಗೆ ಉಳಿದ ಕಾಯಿಗಳನ್ನು ಹೆಕ್ಕುವಾಗ ಯಾರಿಗೂ ತಕರಾರಿಲ್ಲ, ಗೋಧಿ ಕಡಲೆಗೆ ಇಳಿದಾಗಲೇ ಚಿಂತೆ ಎಂದರು. ಪೂರ್ತಿ ಓಡಿಸಿಬಿಡಬಹುದಲ್ಲ, ಪಟಾಕಿ ಹೊಡೆದರೆ ಮತ್ತೆ ಈ ಹೊಲಕ್ಕೆ ಬರಲಿಕ್ಕಿಲ್ಲ ಎಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಹಾಗೆಯೇ ಕುಳಿತಿದೆ. "ಇವು ಬರದ ವರ್ಷ ನೋಡೇನ್ರಿ ಅಕ್ಕೋರ. ಕೆರಿ ಒಣಗಿತ್ತು, ಇವು ಬರ್ಲಿಲ್ಲ. ಬಂದಿದ್ರೂ ತಿನ್ನಾಕ ಏನಿತ್ತು? ನನ್ನ ಹೊಲದಾಗೂ ಏನಿರಲಿಲ್ಲ. ಒಂದ ಹಕ್ಕೀನೂ ತಿನ್ಲಿಲ್ಲ, ನಾವೂ ತಿನ್ಲಿಲ್ಲ. ಇವು ಬಂದಾವಂದ್ರ ಕೆರ್‍ಯಾಗ ನೀರೈತಿ, ಬಾವ್ಯಾಗ ನೀರೈತಿ, ಹೊಲದಾಗ ಬೆಳಿ ಐತಿ."

ನಾನು ಕೆರೆಯನ್ನು ಒಂದು ಕಡೆ, ಹೊಲವನ್ನು ಒಂದು ಕಡೆ ಇಟ್ಟು ಪ್ರಶ್ನೆ ಕೇಳಿದ್ದೆ. ಅವರ ಲೆಕ್ಕದಲ್ಲಿ ಎರಡೂ ಒಂದೇ ಮಳೆಯವು. ಮಳೆ ಸರಿಯಾಗಿ ಆದ ವರ್ಷ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು ನಿಲ್ಲುತ್ತದೆ, ಎರೆ ಮಣ್ಣಿನಲ್ಲಿ ಹಿಂಗಾರಿಗೆ ಬೇಕಾದ ಹಸಿ ಉಳಿಯುತ್ತದೆ, ಹಕ್ಕಿಗಳು ಇಳಿಯುತ್ತವೆ, ನಾಲ್ಕು ಸಾಲು ಕಡಲೆ ಹೋಗುತ್ತದೆ. ಹೋಗುವ ಆ ನಾಲ್ಕು ಸಾಲಿನ ಜೊತೆಗೆ ಉಳಿದ ನಲವತ್ತು ಸಾಲು ಇರುತ್ತವೆ ಎಂಬುದನ್ನು ಅವರು ಬರಗಾಲದಲ್ಲಿ ಕಲಿತಿದ್ದರು.

ಬಿಸಿಲು ಏರಿ ಮಂಜು ಆರುವ ಹೊತ್ತಿಗೆ ಗುಂಪಿನಲ್ಲಿ ಗದ್ದಲ ಶುರುವಾಯಿತು. ಒಂದು ಕೂಗಿತು, ಹತ್ತು ಉತ್ತರಿಸಿದವು. ಮೂಗಿನಿಂದ ಬರುವ, ಹಳೆಯ ಬಸ್ಸಿನ ರಬ್ಬರ್ ಹಾರ್ನಿನಂಥ ದನಿ. ಕಾವಲಿಗೆ ನಿಂತಿದ್ದವು ತಲೆಯನ್ನು ಅಡ್ಡಡ್ಡ ಕೊಡವಿದವು. ಆಮೇಲೆ ಇಡೀ ಹೊಲ ಒಮ್ಮೆಗೇ ಎದ್ದಿತು. ರೆಕ್ಕೆಗಳ ಗಾಳಿ ನಮ್ಮ ಮುಖಕ್ಕೆ ಬಡಿಯಿತು. ಕಡಲೆಯ ಹುಳಿ ವಾಸನೆ ಅದರಲ್ಲಿತ್ತು. ಮೇಲೆ ಹೋಗುತ್ತ ಹೋಗುತ್ತ ಗುಂಪು ತಾನಾಗಿ ಸಾಲುಗಳಾಗಿ ಬಿಚ್ಚಿಕೊಂಡು, ಒಂದು ಸಾಲಿನ ತುದಿಗೆ ಇನ್ನೊಂದು ಸಾಲು ಕೂಡಿ, ಓರೆಯಾದ ಬಾಣದ ಆಕಾರ ತಾಳಿ, ಕೆರೆಯ ಕಡೆ ತಿರುಗಿತು. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಬಾಣ ನೆನಪಾಗಿ ಕಣ್ಣು ತುಂಬಿದವು.

ಅವ್ವನನ್ನು ಬೀಳ್ಕೊಂಡು ನಾನು ಏರಿಗೆ ಮರಳಿ, ಜಾಲಿಯ ನೆರಳಿನಲ್ಲಿ ಮಧ್ಯಾಹ್ನದವರೆಗೆ ಕುಳಿತೆ. ಬೇರೆ ಬೇರೆ ದಿಕ್ಕಿನ ಹೊಲಗಳಿಂದ ಗುಂಪುಗಳು ಬಂದು ಬಂದು ಇಳಿದವು. ಆಚೆಯ ದಂಡೆಯಲ್ಲಿ ನನ್ನ ಬೂದು ಸಾಲು ಸ್ವಲ್ಪ ಸ್ವಲ್ಪವಾಗಿ ಮೂಡಿತು. ಅಲ್ಲಿಂದ ನೋಡಿದರೆ ಈಗಲೂ ಅವು ಕಲ್ಲಿನಂತೆಯೇ ಕಾಣುತ್ತವೆ. ಒಂದು ಕಾಲಿನ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ನಿದ್ದೆ ಹೋಗಿರುತ್ತವೆ.

ಎರಡು ಎರಡೂವರೆ ಕಿಲೋ ತೂಗುವ ಈ ಹಕ್ಕಿ ಹಿಮಾಲಯವನ್ನು ದಾಟುವುದು ಹೇಗೆಂಬುದು ಬಹಳ ಕಾಲ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ. ಎವರೆಸ್ಟಿನ ನೆತ್ತಿಯ ಮೇಲೆಯೇ ಹಾರುತ್ತವೆ ಎಂಬ ಮಾತು ಹಿಂದೆ ಪ್ರಚಾರದಲ್ಲಿತ್ತು. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೇನೆ. ಹಕ್ಕಿಗಳಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಯಂತ್ರಗಳನ್ನು ಕಟ್ಟಿ ಹಿಂಬಾಲಿಸಿದಾಗ ನಿಜ ತಿಳಿಯಿತು. ಅವು ಸಾಧ್ಯವಾದಷ್ಟೂ ಕಣಿವೆಗಳನ್ನು, ಘಟ್ಟದ ಸಂದುಗಳನ್ನು ಹುಡುಕಿಕೊಂಡು ಹೋಗುತ್ತವೆ. ನೆಲ ಏರಿದಾಗ ಏರುತ್ತವೆ, ನೆಲ ಇಳಿದಾಗ ತಾವೂ ಇಳಿಯುತ್ತವೆ. ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದು ನಮಗೆ ದಂಡವೆನ್ನಿಸಬಹುದು, ಆದರೆ ಕೆಳಗಿನ ದಟ್ಟ ಗಾಳಿಯಲ್ಲಿ ಹಾರುವುದರಿಂದ ಒಟ್ಟಾರೆ ಶ್ರಮ ಉಳಿಯುತ್ತದೆ. ಹಾಗೆ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ ಸುಮಾರು 7,290 ಮೀಟರ್. 5,500 ಮೀಟರಿನಲ್ಲೇ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಮನುಷ್ಯ ಅಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ಇವು ಅಲ್ಲಿ ರೆಕ್ಕೆ ಬಡಿಯುತ್ತಲೇ ಇರುತ್ತವೆ, ಬೆನ್ನ ಹಿಂದಿನ ಗಾಳಿಯನ್ನು ಕಾಯುವುದೂ ಇಲ್ಲ. ಹೆಚ್ಚಾಗಿ ರಾತ್ರಿ ಮತ್ತು ನಸುಕಿನ ತಂಪಾದ, ಭಾರವಾದ ಗಾಳಿಯಲ್ಲಿ ಹೊರಡುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಶ್ವಾಸಕೋಶಗಳು ಇತರ ಬಾತುಗಳಿಗಿಂತ ದೊಡ್ಡವು, ರೆಕ್ಕೆಯ ಸ್ನಾಯುಗಳಲ್ಲಿ ರಕ್ತನಾಳಗಳ ಬಲೆ ಹೆಚ್ಚು ದಟ್ಟ.

ಇಷ್ಟನ್ನೂ ನಾನು ಪುಸ್ತಕಗಳಲ್ಲಿ ಓದಿ ತಿಳಿದಿದ್ದೆ. ಆದರೆ ಕಡಲೆ ಹೊಲದಲ್ಲಿ ದಾಪುಗಾಲಿಡುತ್ತಿದ್ದ ಆ ಪಟ್ಟೆಯಿಲ್ಲದ ಮರಿ ಮೂರು ತಿಂಗಳ ಹಿಂದೆ ಇದನ್ನೆಲ್ಲ ಮಾಡಿ ಬಂದಿದೆ, ಮಾರ್ಚಿನಲ್ಲಿ ಮತ್ತೆ ಮಾಡಲಿದೆ ಎಂದು ಯೋಚಿಸಿದಾಗ ಆ ಅಂಕಿಗಳಿಗೆ ಬೇರೆಯೇ ತೂಕ ಬಂತು. ಮಂಗೋಲಿಯಾದಿಂದ ಇಲ್ಲಿಗೆ ನೇರವಾಗಿ ಅಳೆದರೂ ನಾಲ್ಕು ಸಾವಿರ ಕಿಲೋಮೀಟರ್ ಆಗುತ್ತದೆ.

ಹನ್ನೊಂದರ ಸುಮಾರಿಗೆ ಎರಡು ಕಾರುಗಳಲ್ಲಿ ಯುವಕರ ಗುಂಪೊಂದು ಬಂತು. ಫೋಟೋಕ್ಕಾಗಿ ಅವರು ದಂಡೆಯಗುಂಟ ಹಕ್ಕಿಗಳ ಹತ್ತಿರಕ್ಕೆ ನಡೆದರು, ಹಾರುವ ಚಿತ್ರ ಬೇಕೆಂದು ಒಬ್ಬ ಚಪ್ಪಾಳೆ ತಟ್ಟಿದ. ಸಾಲಿನ ಅರ್ಧ ಭಾಗ ಎದ್ದು, ಎರಡು ಸುತ್ತು ಹಾಕಿ, ಇನ್ನೂ ದೂರ ಹೋಗಿ ಇಳಿಯಿತು. ನಾನು ಎದ್ದು ಹೋಗಿ ಹುಡುಗನಿಗೆ ನಿಧಾನವಾಗಿ ತಿಳಿಸಿ ಹೇಳಿದೆ: ಹಗಲಿನ ಈ ನಿದ್ದೆ ಅವುಗಳ ದುಡಿಮೆಯ ಭಾಗ, ಮಾರ್ಚಿನ ಪಯಣಕ್ಕೆ ಮೈಯಲ್ಲಿ ಕೊಬ್ಬು ಕೂಡಿಡಬೇಕಾದ ಹೊತ್ತಿನಲ್ಲಿ ಒಂದೊಂದು ಅನಗತ್ಯ ಹಾರಾಟವೂ ಆ ಕೂಡಿಕೆಯಿಂದಲೇ ಕಳೆಯುತ್ತದೆ. ಹುಡುಗ ಕೇಳಿದ, ಒಪ್ಪಿದ, ಕ್ಯಾಮೆರಾ ಚೀಲಕ್ಕೆ ಹಾಕಿ ನನ್ನ ಪಕ್ಕದಲ್ಲೇ ಕುಳಿತ. ಹೇಳುವವರು ಇದ್ದರೆ ಕೇಳುವವರು ಇದ್ದಾರೆ ಎಂದೇ ನನ್ನ ನಂಬಿಕೆ. ಜಾತ್ರೆಯಂಥ ಸೌಕರ್ಯಗಳಿಗಿಂತ ಈ ಕೆರೆಗೆ ಬೇಕಾದದ್ದು ಹಾಗೆ ಕುಳಿತು ಹೇಳುವ ಊರಿನವರೇ ನಾಲ್ಕು ಜನ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಪಟ್ಟಿಯಲ್ಲಿ ಸೇರಿರುವುದು 50 ಹೆಕ್ಟೇರ್ ಕೆರೆ. ಹೆಬ್ಬಾತುಗಳ ಅನ್ನ ಇರುವುದು ಆ 50 ಹೆಕ್ಟೇರಿನ ಹೊರಗೆ, ಕಡಲೆ, ಗೋಧಿ, ಶೇಂಗಾ ಬೆಳೆಯುವ ಜನರ ಸ್ವಂತ ಹೊಲಗಳಲ್ಲಿ. ಆ ಜನ ನಾಳೆ ಬೇಸತ್ತು ಪಟಾಕಿ ಹಿಡಿದರೆ, ಅಥವಾ ಹೊಲ ಮಾರಿ ನಿವೇಶನ ಮಾಡಿದರೆ, ಕೆರೆಯ ಸುತ್ತ ಎಂಥ ಬೇಲಿ ಹಾಕಿದರೂ ಹಕ್ಕಿ ನಿಲ್ಲುವುದಿಲ್ಲ. ನಮ್ಮ ಕಡೆ ಬೀಗರು ಬಂದರೆ ಹೋಳಿಗೆಯ ಖರ್ಚನ್ನು ಒಂದೇ ಮನೆಯ ಮೇಲೆ ಹೊರಿಸುವುದಿಲ್ಲ, ಅಣ್ಣ ತಮ್ಮಂದಿರು ಹಂಚಿಕೊಳ್ಳುತ್ತಾರೆ. ಮಾಗಡಿಯ ಬೀಗರ ಖರ್ಚನ್ನು ಈಗ ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತವರೇ ಹೊರುತ್ತಿದ್ದಾರೆ. ಕೆರೆಯ ಹೆಸರಿನಲ್ಲಿ ಬರುವ ಹಣದ ಒಂದು ಪಾಲು ನಾಲ್ಕು ಸಾಲು ಕಡಲೆ ಕಳೆದುಕೊಂಡವರಿಗೆ ತಲುಪುವುದು ನ್ಯಾಯ.

ಕೆರೆ ಎಂಬ ಶಬ್ದ ನಮ್ಮ ಈ ಸೀಮೆಯ ಊರುಗಳ ಹೆಸರಿನಲ್ಲೇ ಕೂತಿದೆ. ನಾನು ದಿನವೂ ಹೋಗುತ್ತಿದ್ದ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಹುಲಿಯ ಕೆರೆ. ಮಳೆ ಕಡಿಮೆಯಾದ ನಾಡಿನಲ್ಲಿ ಊರು ಕಟ್ಟಬೇಕಾದರೆ ಮೊದಲು ನೀರನ್ನು ನಿಲ್ಲಿಸಬೇಕೆಂದು ತಿಳಿದವರು ಅವರು. ಮಾಗಡಿಯ ಒಡ್ಡು ಹಾಕಿದವರೂ ತಮ್ಮ ಬೆಳೆಗೆ, ತಮ್ಮ ದನಗಳಿಗೆ ನೀರು ಬೇಕೆಂದು ಹಾಕಿದರು. ಹಿಮಾಲಯದಾಚೆಯ ಹಕ್ಕಿ ಅವರ ಲೆಕ್ಕದಲ್ಲಿ ಇದ್ದಿರಲಾರದು. ನೀರು ನಿಂತ ಮೇಲೆ ಅದು ಬಂತು.

ಎರಡು ಗಂಟೆಯ ಬಸ್ಸಿಗೆ ರಸ್ತೆಗೆ ಬಂದಾಗ ಅವ್ವನ ಮಗ ಸೈಕಲ್ ಮೋಟರಿನಲ್ಲಿ ಹಿಂದೆಯೇ ಬಂದ. "ಅವ್ವ ಕೊಟ್ಟ ಕಳಿಸ್ಯಾಳ್ರೀ ಅಕ್ಕೋರ" ಎಂದು ಹಸಿ ಕಡಲೆಗಿಡಗಳ ಒಂದು ಹೊರೆಯನ್ನು, ಬೇರಿಗೆ ಮಣ್ಣು ಅಂಟಿದ ಹಾಗೆಯೇ, ನನ್ನ ಕೈಗಿತ್ತ. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬಸ್ ಬಂತು. ಕೆರೆಯ ಕಡೆಯ ಕಿಟಕಿಯಲ್ಲಿ ಜಾಗ ಸಿಕ್ಕಿತು. ಹೊರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮುಂದಿನ ಸೀಟಿನ ಮಗುವೊಂದು ಹಿಂದೆ ತಿರುಗಿ ಕೈಚಾಚಿತು, ಒಂದು ಟೊಂಗೆ ಮುರಿದು ಕೊಟ್ಟೆ.

ಸಂಜೆ ಗದಗಿನ ಮನೆಯ ಪಡಸಾಲೆಯಲ್ಲಿ ಸುಲಗಾಯಿ ಬಿಡಿಸುತ್ತ ಕುಳಿತಾಗ ಮಗಳಿಗೆ ಫೋನ್ ಮಾಡಿದೆ. ಹೆಂಗದ ಎಂದು ಅವಳು ಒಂದು ವರ್ಷದ ಹಿಂದೆ ಕೇಳಿದ್ದಕ್ಕೆ ಉತ್ತರ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಒಂದು ಗಿಡವನ್ನು ಬೆಳಕಿಗೆ ಹಿಡಿದೆ. ಅದರ ಮೇಲಿನ ಮೂರು ಕುಡಿಗಳು ಓರೆಯಾಗಿ, ಕತ್ತರಿಯಿಂದ ಕತ್ತರಿಸಿದಷ್ಟು ನಯವಾಗಿ ಹೋಗಿದ್ದವು. ಅವುಗಳ ಕೆಳಗೆ, ಎಲೆಯ ಸಂದಿನಲ್ಲಿ, ಹೊಸ ಚಿಗುರು ಸಾಸಿವೆಯಷ್ಟು ಹೊರಬಂದಿತ್ತು.